ಚಿಮಣಿ ಹೊಗೆಗೆ ಮೆಂಬ್ರೇನ್: ಪೊರೆ ಸರಿ, ಪಂಪಿನ ಲೆಕ್ಕ ಎಲ್ಲಿ?

ಪ್ರಶ್ನೆ: ನಾನು 500 ಮೆಗಾವಾಟ್‌ನ ಕಲ್ಲಿದ್ದಲು ಘಟಕವೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಇಂಜಿನಿಯರ್. ಕಳೆದ ತಿಂಗಳು ಒಂದು ಕಂಪನಿಯವರು ಬಂದು, ಚಿಮಣಿಗೆ ಹೋಗುವ ಹೊಗೆಯಿಂದ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಮೆಂಬ್ರೇನ್ (ತೆಳು ಪೊರೆ) ಬಗ್ಗೆ ವಿವರಿಸಿದರು. "ಕುಡಿಯುವ ನೀರಿನ ಆರ್‌ಒ ಇದ್ದ ಹಾಗೇ. ಕೆಮಿಕಲ್ ಬೇಡ, ಸ್ಟೀಮ್ ಬೇಡ. ಒಂದು ಮೂಲೆಯಲ್ಲಿ ಕೂರಿಸಿದರೆ ಶೇ. 90 ಹಿಡಿಯುತ್ತದೆ, ಹಿಡಿದದ್ದನ್ನು ಮಾರಬಹುದು" ಎಂದರು. ನಮ್ಮ ಹಿರಿಯ ಸಹೋದ್ಯೋಗಿ ಒಬ್ಬರು, "ನಮ್ಮ ಹೊಗೆಯ ಬೂದಿಗೆ ಅದರ ರಂಧ್ರಗಳೆಲ್ಲ ಒಂದೇ ವಾರದಲ್ಲಿ ಮುಚ್ಚಿಹೋಗುತ್ತವೆ, ಸುಮ್ನೆ ದುಡ್ಡು ದಂಡ" ಎನ್ನುತ್ತಾರೆ. ಅಮೀನ್ ದ್ರಾವಣ (ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು, ಕಾಯಿಸಿದಾಗ ಬಿಟ್ಟುಕೊಡುವ ರಾಸಾಯನಿಕ) ಬಳಸುವ ಹಳೆಯ ವಿಧಾನವೇ ವಾಸಿ ಎನ್ನುವುದು ಅವರ ವಾದ. ಯಾರ ಮಾತು ನಿಜ? ನಾವು ಏನು ಕೇಳಬೇಕು, ಎಲ್ಲಿ ಎಚ್ಚರ ಇರಬೇಕು?

ಉತ್ತರ: ಬಂದವರು ಸುಲಭ ಎನ್ನುತ್ತಾರೆ, ನಿಮ್ಮ ಹಿರಿಯರು ಆಗುವುದೇ ಇಲ್ಲ ಎನ್ನುತ್ತಾರೆ. ನಾನು ಅನಿಲ ಬೇರ್ಪಡಿಸುವ ಮೆಂಬ್ರೇನ್‌ಗಳ ಜೊತೆ ಬಹಳ ವರ್ಷ ಕೆಲಸ ಮಾಡಿದವನು. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ಇಬ್ಬರ ಕಣ್ಣೂ ಪೊರೆಯ ಮೇಲೆಯೇ ಇದೆ. ನೀವು ನೋಡಬೇಕಾದ್ದು ಪಂಪು ಮತ್ತು ಕಂಪ್ರೆಸರ್ ಕಡೆಗೆ. ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ರಂಧ್ರದ ವಿಷಯ. ಇದು ಜರಡಿ ಅಲ್ಲ. ಕಾರ್ಬನ್ ಡೈಆಕ್ಸೈಡ್ ಅಣುವಿನ ಗಾತ್ರ ಸುಮಾರು 0.33 ನ್ಯಾನೋಮೀಟರ್, ಸಾರಜನಕದ್ದು 0.364. ವ್ಯತ್ಯಾಸ ಸುಮಾರು ಹತ್ತರಲ್ಲಿ ಒಂದು ಪಾಲು ಅಷ್ಟೇ. ಇಷ್ಟು ಸಣ್ಣ ಅಂತರವನ್ನು ನಂಬಿ ಲಕ್ಷಾಂತರ ಚದರ ಮೀಟರ್ ಪ್ಲಾಸ್ಟಿಕ್‌ನಲ್ಲಿ ಒಂದೇ ಅಳತೆಯ ತೂತು ಕೊರೆಯುವುದು ಆಗದ ಮಾತು. ನಿಜವಾಗಿ ನಡೆಯುವುದು ಬೇರೆ. ಅನಿಲ ಮೊದಲು ಪೊರೆಯ ಪಾಲಿಮರ್‌ನಲ್ಲಿ ಕರಗುತ್ತದೆ, ನಿಧಾನವಾಗಿ ಅದರೊಳಗೇ ಸಾಗುತ್ತದೆ, ಆಚೆ ಬದಿಯಲ್ಲಿ ಹೊರಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಕೆಲವು ಪಾಲಿಮರ್‌ಗಳಲ್ಲಿ ಚೆನ್ನಾಗಿ ಕರಗುತ್ತದೆ, ಸಾರಜನಕಕ್ಕೆ ಆ ಗುಣ ಕಡಿಮೆ. ಆಟ ಇರುವುದು ಅಲ್ಲಿ.

ಇದು ಹೊಸ ಸಂಗತಿಯೂ ಅಲ್ಲ. 1830ರ ಆಸುಪಾಸಿನಲ್ಲಿ ಫಿಲಡೆಲ್ಫಿಯಾದ ವೈದ್ಯ ಜೆ. ಕೆ. ಮಿಚೆಲ್ ರಬ್ಬರ್ ಬಲೂನುಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಅವು ಬೇರೆ ಬೇರೆ ವೇಗದಲ್ಲಿ ಸೋರುವುದನ್ನು ಗಮನಿಸಿದ್ದರು. ಅದಕ್ಕೆ ಕರಗಿ ಸಾಗುವ ವಿವರಣೆ ಕೊಟ್ಟವರು ಥಾಮಸ್ ಗ್ರಹಾಂ, 1866ರಲ್ಲಿ. ಇವತ್ತಿನ ಪೊರೆಗಳಲ್ಲಿ ಕೆಲಸ ಮಾಡುವ ಪದರ ಒಂದು ಮೈಕ್ರಾನ್‌ನ ಹತ್ತನೇ ಒಂದು ಭಾಗದಷ್ಟು ತೆಳುವಾಗಿರುತ್ತದೆ. ಅದನ್ನು ಹೊತ್ತು ನಿಲ್ಲಲು ಕೆಳಗೆ ತೂತಿರುವ ಇನ್ನೊಂದು ಪದರ, ಅದರ ಕೆಳಗೆ ಬಟ್ಟೆಯಂಥ ಹಾಸು. ಹಾಗಾಗಿ ಬೂದಿ ಹೋಗಿ ರಂಧ್ರಕ್ಕೆ ಸಿಕ್ಕಿಕೊಳ್ಳುತ್ತದೆ ಎನ್ನುವ ಚಿತ್ರ ತಪ್ಪು. ಬೂದಿಯಿಂದ ತೊಂದರೆಯೇ ಇಲ್ಲ ಎಂದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಆರ್‌ಒ ಹೋಲಿಕೆ. ಸುರುಳಿ ಸುತ್ತಿದ ಎಲಿಮೆಂಟು, ಪೈಪಿನಂಥ ಕವಚ, ಅವನ್ನು ಸಾಲಾಗಿ ಜೋಡಿಸಿದ ಚೌಕಟ್ಟು, ಅಂದರೆ ಸ್ಕಿಡ್. ನೋಡಲು ಅದೇ ಥರ. ಆದರೆ ಆರ್‌ಒದಲ್ಲಿ ನೀರನ್ನು ಪಂಪು ತಳ್ಳುತ್ತದೆ. ನೀರು ಅಡಕವಾಗದ ವಸ್ತು, ಅದರ ಒತ್ತಡ ಏರಿಸುವುದು ಅಗ್ಗ. ನಿಮ್ಮ ಹೊಗೆ ಅನಿಲ. ಅದೂ ವಾತಾವರಣದ ಒತ್ತಡದಲ್ಲೇ ಇರುವ, ನೀರು ಬೆರೆಸಿ ತೆಳ್ಳಗೆ ಮಾಡಿದ ಮಜ್ಜಿಗೆಯಂಥ ಅನಿಲ.

ಮೆಂಬ್ರೇನ್‌ಗಳು ಕಾರ್ಬನ್ ಡೈಆಕ್ಸೈಡ್ ಬೇರ್ಪಡಿಸುವ ಕೆಲಸದಲ್ಲಿ ಈಗಾಗಲೇ ಗೆದ್ದಿರುವ ಜಾಗ ಒಂದಿದೆ: ನೈಸರ್ಗಿಕ ಅನಿಲದ ಶುದ್ಧೀಕರಣ. 1980ರ ದಶಕದಿಂದ ಸೆಲ್ಯುಲೋಸ್ ಅಸಿಟೇಟ್ ಪೊರೆಗಳು ಅಲ್ಲಿ ದುಡಿಯುತ್ತಿವೆ. ಬ್ರೆಜಿಲ್‌ನ ಆಳ ಸಮುದ್ರದ ತೇಲುವ ತೈಲ ಹಡಗುಗಳ ಮೇಲೂ ಇವೆ. ಬಂದವರು ಈ ಉದಾಹರಣೆ ಖಂಡಿತ ತೋರಿಸಿರುತ್ತಾರೆ. ಆದರೆ ಬಾವಿಯಿಂದ ಬರುವ ಅನಿಲಕ್ಕೆ ಹತ್ತಾರು ಬಾರ್ ಒತ್ತಡ ಮೊದಲೇ ಇರುತ್ತದೆ. ತಳ್ಳುವ ಬಲ ಪುಕ್ಕಟೆ. ನಿಮ್ಮ ಚಿಮಣಿಗೆ ಆ ಭಾಗ್ಯ ಇಲ್ಲ.

ಈಗ ಲೆಕ್ಕ ಮಾಡೋಣ. ಇದು ಒಂದು ಸಲ ಮನಸ್ಸಿನಲ್ಲಿ ಕೂತರೆ ಮಿಕ್ಕದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಕಲ್ಲಿದ್ದಲ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 13ರಷ್ಟು ಎಂದು ಹಿಡಿಯಿರಿ. ಒಟ್ಟು ಒತ್ತಡ 1 ಬಾರ್. ಅದರಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಪಾಲು 0.13 ಬಾರ್. ಪೊರೆಯನ್ನು ದಾಟಿಸುವ ಬಲ ಇಷ್ಟೇ. ಆಚೆ ಬದಿಯಲ್ಲಿ ಅದರ ಪಾಲು 0.13ಕ್ಕಿಂತ ಕೆಳಗೆ ಇದ್ದರೆ ಮಾತ್ರ ಅದು ಅತ್ತ ಹರಿಯುತ್ತದೆ. ಆಚೆ ಬದಿಗೆ ವ್ಯಾಕ್ಯೂಮ್ ಪಂಪ್ ಹಾಕಿ 0.2 ಬಾರ್‌ಗೆ ಇಳಿಸಿದಿರಿ ಅಂದುಕೊಳ್ಳಿ. ಆಗ ಅಲ್ಲಿ ಸಿಗುವ ಅನಿಲದ ಶುದ್ಧತೆ 0.13 ಭಾಗಿಸು 0.2, ಅಂದರೆ ಶೇ. 65 ದಾಟಲು ಸಾಧ್ಯವೇ ಇಲ್ಲ. ಪೊರೆ ಎಷ್ಟೇ ಚೆನ್ನಾಗಿರಲಿ, ಯಾರೇ ಮಾಡಿರಲಿ. ಇದು ಪೊರೆಯ ಮಿತಿ ಅಲ್ಲ, ಒತ್ತಡದ ಮಿತಿ.

ಅದೂ ಹೊಗೆ ಒಳಗೆ ಬರುವ ತುದಿಯ ಮಾತು. ಹೊಗೆ ಮಾಡ್ಯೂಲ್ (ಪೊರೆ ತುಂಬಿದ ಕವಚ) ಉದ್ದಕ್ಕೂ ಸಾಗಿದಂತೆ ಅದರಲ್ಲಿನ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗುತ್ತಾ ಹೋಗುತ್ತದೆ. ಶೇ. 90 ಹಿಡಿದ ಹೊತ್ತಿಗೆ ಉಳಿಯುವುದು ಶೇ. 1.5ರಷ್ಟು. ಅದರ ಒತ್ತಡ 0.015 ಬಾರ್. ಅದೇ ಪಂಪಿನಲ್ಲಿ ಆ ತುದಿಯಲ್ಲಿ ಸಿಗುವುದು ಹೆಚ್ಚೆಂದರೆ ಶೇ. 7.5 ಶುದ್ಧತೆ. ಅಂದರೆ ಅಲ್ಲಿ ನೀವು ಬಹುಪಾಲು ಸಾರಜನಕವನ್ನೇ ಎಳೆಯುತ್ತಿರುತ್ತೀರಿ. ಮೊದಲ ಅರ್ಧ ಹಿಡಿಯುವುದು ಹಗುರ, ಕೊನೆಯ ಕಾಲು ಭಾಗ ಪ್ರಾಣ ತಿನ್ನುತ್ತದೆ. "ಶೇ. 90" ಎಂದು ಯಾರಾದರೂ ಸಲೀಸಾಗಿ ಹೇಳಿದರೆ ನಾನು ಸ್ವಲ್ಪ ನೆಟ್ಟಗೆ ಕೂರುತ್ತೇನೆ.

ಹಾಗಾದರೆ ಹೊಗೆಯನ್ನೇ 5 ಬಾರ್‌ಗೆ ಒತ್ತಿದರೆ? ಒತ್ತಡದ ಅನುಪಾತ (ಪೊರೆಯ ಈಚೆ ಬದಿಯ ಒತ್ತಡ ಭಾಗಿಸು ಆಚೆ ಬದಿಯದ್ದು) ಅದೇ ಐದು, ಬೇರ್ಪಡುವಿಕೆಯೂ ಅಷ್ಟೇ. ಪೊರೆಯ ವಿಸ್ತೀರ್ಣ ಮಾತ್ರ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ನಿಮಗೆ ಬೇಡದ ಸಾರಜನಕವನ್ನೂ ಸೇರಿಸಿ ಒತ್ತಬೇಕು. 600 ಮೆಗಾವಾಟ್ ಘಟಕದ ಹೊಗೆ ಸೆಕೆಂಡಿಗೆ ಸುಮಾರು 500 ಘನ ಮೀಟರ್. ಅದನ್ನು 5 ಬಾರ್‌ಗೆ ಏರಿಸಲು ನೂರು ಮೆಗಾವಾಟ್ ಮೀರಿ ಬೇಕು. ಉಳಿದ ಸಾರಜನಕವನ್ನು ಎಕ್ಸ್‌ಪಾಂಡರ್ (ಒತ್ತಡದ ಅನಿಲದಿಂದ ತಿರುಗುವ ಟರ್ಬೈನ್) ಮೂಲಕ ಬಿಟ್ಟರೆ ಒಂದಷ್ಟು ವಾಪಸ್ ಬರುತ್ತದೆ, ಪೂರ್ತಿ ಬರುವುದಿಲ್ಲ. ವ್ಯಾಕ್ಯೂಮ್ ದಾರಿಯಲ್ಲಿ ಪೊರೆ ದಾಟಿ ಬಂದ ಅನಿಲವನ್ನು ಮಾತ್ರ ಪಂಪ್ ಮಾಡುತ್ತೀರಿ. ವಿದ್ಯುತ್ ಅದರ ಕಾಲು ಭಾಗದ ಆಸುಪಾಸಿಗೆ ಇಳಿಯುತ್ತದೆ. ಬದಲಿಗೆ ಪೊರೆ ಐದು ಪಟ್ಟು ಬೇಕು. ಪೊರೆಯನ್ನು ಒಂದು ಸಲ ಕೊಳ್ಳುತ್ತೀರಿ, ವಿದ್ಯುತ್ತನ್ನು ಪ್ರತಿ ಗಂಟೆ ಕೊಡುತ್ತೀರಿ. ಅದಕ್ಕೇ ಈ ಕ್ಷೇತ್ರದಲ್ಲಿ ಹೆಚ್ಚಿನವರು ವ್ಯಾಕ್ಯೂಮ್ ಕಡೆ ವಾಲಿದ್ದಾರೆ. ನನ್ನ ಒಲವೂ ಅದೇ.

ಇನ್ನೊಂದು ಮಾತು ಇದರಿಂದಲೇ ಹುಟ್ಟುತ್ತದೆ. ಪೊರೆಗೆ ಎರಡು ಗುಣ ನೋಡುತ್ತಾರೆ: ಎಷ್ಟು ಬೇಗ ದಾಟಿಸುತ್ತದೆ, ಸಾರಜನಕಕ್ಕಿಂತ ಎಷ್ಟು ಪಟ್ಟು ಸುಲಭವಾಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಒಂದು ಹೆಚ್ಚಿದರೆ ಇನ್ನೊಂದು ತಗ್ಗುವುದು ಪಾಲಿಮರ್‌ಗಳ ಜಾಯಮಾನ. ಈ ಮಿತಿಯ ಗೆರೆಯನ್ನು 1991ರಲ್ಲಿ ರೋಬ್ಸನ್ ಎಂಬ ವಿಜ್ಞಾನಿ ಗುರುತಿಸಿದರು. ಕಾಗದದ ಮೇಲೆ ಎರಡನೇ ಗುಣ 200 ಎಂದು ತೋರಿಸಿ ಬೀಗುವವರು ಇದ್ದಾರೆ. ಒತ್ತಡದ ಅನುಪಾತ ಐದೋ ಹತ್ತೋ ಇರುವಾಗ, ಈ ಎರಡನೇ ಗುಣ 50 ದಾಟಿದ ಮೇಲೆ ಸಿಗುವ ಲಾಭ ಕಡಿಮೆ. ಬೇಗ ದಾಟಿಸುವ ಪೊರೆಯೇ ನಿಮಗೆ ಬೇಕಾದ್ದು. ಅಮೆರಿಕದ ಎಂಟಿಆರ್ ಕಂಪನಿ 'ಪೊಲಾರಿಸ್' ಎಂಬ ಪೊರೆಯನ್ನು ಇದೇ ತರ್ಕದ ಮೇಲೆ ಬೆಳೆಸಿತು. 2010ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, 600 ಮೆಗಾವಾಟ್ ಘಟಕದಿಂದ ಶೇ. 90 ಹಿಡಿಯಲು ಘಟಕದ ಉತ್ಪಾದನೆಯ ಶೇ. 16ರಷ್ಟು ವಿದ್ಯುತ್ ಮತ್ತು ಸುಮಾರು 13 ಲಕ್ಷ ಚದರ ಮೀಟರ್ ಪೊರೆ ಬೇಕಿತ್ತು. ಅದು ಲೆಕ್ಕ, ಓಡುತ್ತಿರುವ ಘಟಕವಲ್ಲ. ಆದರೂ ನಿಮ್ಮ 500 ಮೆಗಾವಾಟ್‌ಗೆ ಹೋಲಿಸಿ ನೋಡಿ: ಹತ್ತು ಹನ್ನೊಂದು ಲಕ್ಷ ಚದರ ಮೀಟರ್, ನೂರೈವತ್ತು ಫುಟ್‌ಬಾಲ್ ಮೈದಾನಗಳಷ್ಟು ಪೊರೆ. ಮಡಚಿ ಸುತ್ತಿ ಇಡುವುದರಿಂದ ಜಾಗ ತೀರಾ ಅಷ್ಟು ಬೇಡ. ಆದರೆ "ಒಂದು ಮೂಲೆ" ಅಂತೂ ಅಲ್ಲ.

ಆ ಲೆಕ್ಕದಲ್ಲಿ ಒಂದು ಜಾಣ ಉಪಾಯ ಇತ್ತು. ಅದು ನೇರ ನಿಮ್ಮ ಬಾಯ್ಲರ್‌ಗೆ ಸಂಬಂಧಿಸಿದ್ದು. ಮೊದಲ ಹಂತದಲ್ಲಿ ವ್ಯಾಕ್ಯೂಮ್‌ನಿಂದ ಅರ್ಧದಷ್ಟನ್ನು ಎಳೆದುಕೊಳ್ಳುತ್ತಾರೆ. ಎರಡನೇ ಹಂತದಲ್ಲಿ ಪಂಪೇ ಇಲ್ಲ. ಪೊರೆಯ ಆಚೆ ಬದಿಯಲ್ಲಿ, ಬಾಯ್ಲರ್‌ಗೆ ಹೋಗುವ ದಹನದ ಗಾಳಿಯನ್ನೇ ಹಾಯಿಸುತ್ತಾರೆ. ಆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಹೊಗೆಯಲ್ಲಿ ಉಳಿದದ್ದು ತಾನಾಗಿ ಅತ್ತ ಹರಿದು, ಗಾಳಿಯ ಜೊತೆ ಬಾಯ್ಲರ್‌ಗೆ ವಾಪಸ್ ಹೋಗುತ್ತದೆ. ಸುತ್ತಿ ಬಂದ ಹೊಗೆಯಲ್ಲಿ ಅದರ ಪಾಲು ಶೇ. 13ರಿಂದ 18ರ ಆಸುಪಾಸಿಗೆ ಏರುತ್ತದೆ, ಮೊದಲ ಹಂತದ ಕೆಲಸ ಹಗುರವಾಗುತ್ತದೆ. ಬೆಲೆ ಏನು ಗೊತ್ತೇ? ನಿಮ್ಮ ಗಾಳಿಯಲ್ಲಿ ಆಮ್ಲಜನಕ ಶೇ. 21ರಿಂದ 18ರ ಹತ್ತಿರಕ್ಕೆ ಇಳಿಯುತ್ತದೆ. ಜ್ವಾಲೆ ತಣ್ಣಗಾಗುತ್ತದೆ. ಫರ್ನೇಸ್‌ಗೂ ಸೂಪರ್‌ಹೀಟರ್‌ಗೂ ಹಂಚಿಕೆಯಾಗುವ ಶಾಖ ಬದಲಾಗುತ್ತದೆ. ಕಡಿಮೆ ಲೋಡ್‌ನಲ್ಲಿ ಜ್ವಾಲೆ ನಿಲ್ಲುತ್ತದೆಯೇ ಎನ್ನುವುದು ನಿಮ್ಮ ತಲೆನೋವು, ಮೆಂಬ್ರೇನ್ ಮಾರುವವರದ್ದಲ್ಲ. ಅವರ ಯೋಜನೆಯಲ್ಲಿ ಈ ಉಪಾಯ ಇದ್ದರೆ, ಬಾಯ್ಲರ್ ತಯಾರಕರ ಒಪ್ಪಿಗೆ ಕಾಗದದ ಮೇಲೆ ಇರಬೇಕು.

ಈಗ ನಿಮ್ಮ ಹಿರಿಯರ ಬೂದಿಗೆ ಬರೋಣ. ಇಎಸ್‌ಪಿ (ಹೊಗೆಯ ಬೂದಿ ಹಿಡಿಯುವ ಯಂತ್ರ) ಮತ್ತು ಎಫ್‌ಜಿಡಿ (ಹೊಗೆಯ ಗಂಧಕ ತೆಗೆಯುವ ಘಟಕ) ಚೆನ್ನಾಗಿ ಓಡುತ್ತಿದ್ದರೆ ಅವುಗಳ ಆಚೆ ಉಳಿಯುವ ಧೂಳು ಕಡಿಮೆ. ಆದರೂ ವರ್ಷಗಟ್ಟಲೆ ಲೆಕ್ಕದಲ್ಲಿ ಅದು ಪೊರೆಯ ಮೇಲೆ ಕೂರುತ್ತದೆ, ಸುರುಳಿಯ ಸಂದಿಗಳಲ್ಲಿ ಹರಿವನ್ನು ತಡೆಯುತ್ತದೆ. ಮೊದಲೇ ಒಳ್ಳೆಯ ಫಿಲ್ಟರ್ ಇಡುವುದು ಕಡ್ಡಾಯ. ನನ್ನ ಅನುಭವದಲ್ಲಿ ಬೂದಿಗಿಂತ ದೊಡ್ಡ ಶತ್ರು ನೀರು. ಎಫ್‌ಜಿಡಿಯಿಂದ ಹೊರಬರುವ ಹೊಗೆ 50-55 ಡಿಗ್ರಿಯಲ್ಲಿ ನೀರಾವಿಯಿಂದ ತುಂಬಿ ತುಳುಕುತ್ತಿರುತ್ತದೆ. ಎಲ್ಲಿ ಸ್ವಲ್ಪ ತಣ್ಣಗಾದರೂ ಹನಿ ಕಟ್ಟುತ್ತದೆ.

ಒಂದು ಪರೀಕ್ಷಾ ಸ್ಕಿಡ್‌ನಲ್ಲಿ ನಮಗೆ ಹೀಗೇ ಆಯಿತು. ಮೂರನೇ ವಾರ ಹಿಡಿಯುವ ಪ್ರಮಾಣ ಕುಸಿಯಿತು. ಪೊರೆ ಹಾಳಾಯಿತು ಎಂದು ಎಲ್ಲರೂ ತೀರ್ಮಾನಿಸಿದರು, ನಾನೂ ಸೇರಿ. ಪ್ರಯೋಗಾಲಯಕ್ಕೆ ಕಳಿಸಲು ಮಾಡ್ಯೂಲ್ ಬಿಚ್ಚಿದಾಗ ಬಕೆಟ್‌ನಷ್ಟು ನೀರು ಸುರಿಯಿತು. ಹೊಗೆ ತರುವ ಪೈಪಿನ ಒಂದು ತುಂಡಿಗೆ ಹೀಟ್ ಟ್ರೇಸಿಂಗ್ (ಪೈಪನ್ನು ಬೆಚ್ಚಗಿಡುವ ತಂತಿ) ಹಾಕುವುದನ್ನೇ ಮರೆತಿದ್ದೆವು. ರಾತ್ರಿಯ ತಂಪಿಗೆ ನೀರು ಕಟ್ಟಿ, ಅರ್ಧ ಪೊರೆ ಮುಳುಗಿತ್ತು. ಒಣಗಿಸಿ ಮತ್ತೆ ಕೂರಿಸಿದೆವು, ಮೊದಲಿನಂತೆಯೇ ಓಡಿತು. ಪೊರೆಯನ್ನು ಬೈಯುವ ಮೊದಲು ಡ್ರೇನ್ ವಾಲ್ವ್ ನೋಡಬೇಕು ಎಂದು ಅವತ್ತು ಕಲಿತೆ.

ಗಂಧಕದ ಡೈಆಕ್ಸೈಡ್ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಅದು ಪಾಲಿಮರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತಲೂ ಚೆನ್ನಾಗಿ ಕರಗುತ್ತದೆ. ಹಾಗಾಗಿ ಹಿಡಿದ ಅನಿಲದ ಜೊತೆಗೇ ಹೋಗಿ, ನೀರಿನೊಂದಿಗೆ ಸೇರಿ, ವ್ಯಾಕ್ಯೂಮ್ ಪಂಪು ಮತ್ತು ಕಂಪ್ರೆಸರ್‌ಗಳನ್ನು ಆಮ್ಲದಂತೆ ತಿನ್ನುತ್ತದೆ. ಪೊರೆ ತಾಳಿಕೊಳ್ಳುತ್ತದೆ, ಆಚೆಗಿನ ಲೋಹ ತಾಳುವುದಿಲ್ಲ. ಎಫ್‌ಜಿಡಿ ಇಲ್ಲದ ಘಟಕಕ್ಕೆ ಈ ಮಾತೇ ಎತ್ತಬೇಡಿ. ಇನ್ನು ಪೊರೆಯ ಆಯುಷ್ಯ: ಲೆಕ್ಕ ಹಾಕುವಾಗ ಸಾಮಾನ್ಯವಾಗಿ 3ರಿಂದ 5 ವರ್ಷ ಹಿಡಿಯುತ್ತಾರೆ. ಗಾಜಿನಂತೆ ಗಡುಸಾದ ಪಾಲಿಮರ್‌ಗಳು ಏನೂ ತಾಗದೆಯೂ ಕಾಲಕ್ರಮೇಣ ಒಳಗೊಳಗೇ ಬಿಗಿದುಕೊಂಡು ನಿಧಾನವಾಗುತ್ತವೆ. ರಬ್ಬರ್ ಗುಣದವುಗಳಲ್ಲಿ ಈ ಕಾಯಿಲೆ ಕಡಿಮೆ.

ಅಮೀನ್ ವಾಸಿ ಎನ್ನುವ ವಾದಕ್ಕೆ ಒಂದು ದೊಡ್ಡ ಬಲ ಇದೆ: ಅದು ದೊಡ್ಡ ಅಳತೆಯಲ್ಲಿ ಓಡಿ ತೋರಿಸಿದೆ. ಕೆನಡಾದ ಬೌಂಡರಿ ಡ್ಯಾಮ್ 2014ರಲ್ಲಿ, ಟೆಕ್ಸಾಸ್‌ನ ಪೆಟ್ರಾ ನೋವಾ 2017ರಲ್ಲಿ ಶುರುವಾದವು. ಎರಡೂ ಅಮೀನ್ ದ್ರಾವಣದವು. ಮೆಂಬ್ರೇನ್ ಇನ್ನೂ ಆ ಮೆಟ್ಟಿಲು ಹತ್ತಿಲ್ಲ. ಅಲಬಾಮಾದ ವಿಲ್ಸನ್‌ವಿಲ್ ಪರೀಕ್ಷಾ ಕೇಂದ್ರದಲ್ಲಿ ದಿನಕ್ಕೆ 20 ಟನ್ ಹಿಡಿಯುವ ಸ್ಕಿಡ್ ಓಡಿತು. ಆಮೇಲೆ ವಯೋಮಿಂಗ್‌ನ ಡ್ರೈ ಫೋರ್ಕ್ ವಿದ್ಯುತ್ ಸ್ಥಾವರದ ಬಳಿ ದಿನಕ್ಕೆ 150 ಟನ್‌ನದು ರೂಪುಗೊಂಡಿತು. ನಿಮ್ಮ ಘಟಕ ಪೂರ್ತಿ ಲೋಡ್‌ನಲ್ಲಿ ದಿನಕ್ಕೆ ಹತ್ತು ಸಾವಿರ ಟನ್ ಆಸುಪಾಸು ಬಿಡುತ್ತದೆ. ಅಂತರ ನೀವೇ ನೋಡಿ.

ಆದರೆ ಅಮೀನ್‌ಗೆ ತನ್ನದೇ ಕಾಟ ಇದೆ. ದ್ರಾವಣದಿಂದ ಅನಿಲ ಬಿಡಿಸಲು ಅದನ್ನು 120 ಡಿಗ್ರಿಗೆ ಕಾಯಿಸಬೇಕು. ಹಳೆಯ ಮಾದರಿಯ ಶೇ. 30ರ ಎಂಇಎ (ಒಂದು ಬಗೆಯ ಅಮೀನ್) ದ್ರಾವಣಕ್ಕೆ, ಹಿಡಿದ ಪ್ರತಿ ಟನ್‌ಗೆ 3.5ರಿಂದ 4 ಗಿಗಾಜೂಲ್ ಶಾಖ ಬೇಕು, ಹೊಸವುಗಳಿಗೆ ಅದಕ್ಕಿಂತ ಕಡಿಮೆ. ಆ ಸ್ಟೀಮ್ ನಿಮ್ಮ ಟರ್ಬೈನ್‌ನ ಕಡಿಮೆ ಒತ್ತಡದ ಭಾಗದಿಂದ ಬರಬೇಕು. ಅಂದರೆ ಟರ್ಬೈನ್‌ಗೆ ಕೈ ಹಾಕಬೇಕು. ದ್ರಾವಣ ಆಮ್ಲಜನಕ ಮತ್ತು ಗಂಧಕಕ್ಕೆ ಕೆಡುತ್ತದೆ, ಸ್ವಲ್ಪ ಗಾಳಿಗೂ ಸೇರುತ್ತದೆ, ಕೆಟ್ಟದ್ದನ್ನು ವಿಲೇವಾರಿ ಮಾಡಬೇಕು. ಇಲ್ಲಿ ಬಂದವರ ಮಾತು ನಿಜ: ಮೆಂಬ್ರೇನ್‌ಗೆ ಸ್ಟೀಮ್ ಬೇಡ, ದ್ರಾವಣ ಬೇಡ. ಹಳೆಯ ಘಟಕಕ್ಕೆ ಜೋಡಿಸುವಾಗ ಇದು ಸಣ್ಣ ಅನುಕೂಲ ಅಲ್ಲ. ಲೋಡ್ ಏರಿಳಿದರೂ ಬೇಗ ಹೊಂದಿಕೊಳ್ಳುತ್ತದೆ. "ಶಕ್ತಿಯೇ ಬೇಡ" ಎಂದು ಮಾತ್ರ ನಂಬಬೇಡಿ. ಅಲ್ಲಿ ಸ್ಟೀಮ್ ತಿನ್ನುತ್ತದೆ, ಇಲ್ಲಿ ವಿದ್ಯುತ್ ತಿನ್ನುತ್ತದೆ.

ನಿಮ್ಮ ಮುಂದಿರುವ ದಾರಿಗಳಲ್ಲಿ ನನಗೆ ಅರ್ಥಪೂರ್ಣ ಎನಿಸುವುದು ಭಾಗಶಃ ಹಿಡಿಯುವುದು. ಶೇ. 90ರ ಹಟ ಬಿಟ್ಟು 50ರಿಂದ 70ಕ್ಕೆ ನಿಂತರೆ ಮೇಲೆ ಹೇಳಿದ ಕೊನೆಯ ಕಾಲು ಭಾಗದ ಯಾತನೆ ತಪ್ಪುತ್ತದೆ. ಪೊರೆಯೂ ಕಡಿಮೆ, ಬಾಯ್ಲರ್‌ಗೆ ಸುತ್ತಿಸುವುದೂ ಬೇಡವಾಗಬಹುದು. ಆದರೆ ನಿಮ್ಮ ಮೇಲೆ ಇರುವ ನಿಯಮ ಶೇ. 90 ಕೇಳಿದರೆ ಈ ದಾರಿ ಮುಚ್ಚಿತು. ಶೇ. 90 ಆಗಲೇಬೇಕು, ಈಗಲೇ ಆಗಬೇಕು ಎಂದರೆ ಅಮೀನ್‌ಗೇ ಹೋಗಿ. ನಾನು ಮೆಂಬ್ರೇನ್‌ನವನಾಗಿ ಇದನ್ನು ಹೇಳುತ್ತಿದ್ದೇನೆ.

ಮಧ್ಯದ ದಾರಿಯೂ ಒಂದಿದೆ: ಮೆಂಬ್ರೇನ್‌ನಿಂದ ಶೇ. 60-80 ಶುದ್ಧತೆ ತಂದು, ಆಮೇಲೆ ಒತ್ತಿ, ತಣಿಸಿ, ಕಾರ್ಬನ್ ಡೈಆಕ್ಸೈಡನ್ನು ದ್ರವ ಮಾಡಿ ಬೇರ್ಪಡಿಸುವುದು. ದ್ರವವಾಗದ ಅನಿಲವನ್ನು ಮೆಂಬ್ರೇನ್‌ಗೆ ವಾಪಸ್ ಕಳಿಸುತ್ತಾರೆ. ಒಳ್ಳೆಯ ಜೋಡಿ. ಹೊಗೆಯಲ್ಲಿನ ಆಮ್ಲಜನಕ ಸ್ವಲ್ಪ ಪೊರೆ ದಾಟಿ ಬರುವುದರಿಂದ, ಅದನ್ನು ತೆಗೆಯಲಿಕ್ಕೂ ಈ ಹಂತ ಬೇಕೇ ಬೇಕು. ಆದರೆ ಶೈತ್ಯ ಯಂತ್ರ, ಒಣಗಿಸುವ ಯಂತ್ರ ಎಲ್ಲ ಸೇರಿ ಅದು ಒಂದು ಪುಟ್ಟ ಕೆಮಿಕಲ್ ಕಾರ್ಖಾನೆಯೇ. ಅದನ್ನು ಓಡಿಸುವ ಜನ ನಿಮ್ಮಲ್ಲಿ ಇದ್ದಾರೆಯೇ?

ಮಾರುವ ಮಾತಿಗೆ ಹೆಚ್ಚು ಸಮಯ ಕೊಡುವುದಿಲ್ಲ. ದಿನಕ್ಕೆ ಸಾವಿರಾರು ಟನ್ ಕೊಳ್ಳುವವರು ಸಿಗುವುದು ಕಷ್ಟ. ಹಿಡಿದದ್ದರಲ್ಲಿ ಬಹುಪಾಲು ನೆಲದಾಳಕ್ಕೇ ಹೋಗಬೇಕು. ನಾರ್ವೆಯ ಸ್ಲೈಪ್ನರ್‌ನಲ್ಲಿ 1996ರಿಂದ ಸಮುದ್ರ ತಳದ ಕೆಳಗೆ ತುಂಬುತ್ತಿರುವಂತೆ. ಪೈಪಿನಲ್ಲಿ ಕಳಿಸಲು ನೂರು ಬಾರ್ ಮೀರಿ ಒತ್ತಬೇಕು. ಆ ಕಂಪ್ರೆಸರ್‌ನ ವಿದ್ಯುತ್ತನ್ನು ಬಂದವರು ತಮ್ಮ ಲೆಕ್ಕದಲ್ಲಿ ಸೇರಿಸಿದ್ದಾರಾ ಎಂದು ನೋಡಿ. ಅನೇಕರು ಸೇರಿಸುವುದಿಲ್ಲ.

ಮುಂದಿನ ಸಭೆಯಲ್ಲಿ ಕೇಳಬೇಕಾದ್ದು ಹೇಳುತ್ತೇನೆ. ಒತ್ತಡದ ಅನುಪಾತ ಎಷ್ಟು, ಅದಕ್ಕೆ ತಗಲುವ ಒಟ್ಟು ವಿದ್ಯುತ್ ಎಷ್ಟು, ಅದರಲ್ಲಿ ಏನೇನು ಸೇರಿದೆ? ಮಾಡ್ಯೂಲ್ ಉದ್ದಕ್ಕೂ ಹೊಗೆ ಕಳೆದುಕೊಳ್ಳುವ ಒತ್ತಡ ಎಷ್ಟು? ಇದನ್ನು ಬಿಡಬೇಡಿ. 0.1 ಬಾರ್ ಎಂದು ಹಗುರವಾಗಿ ಹೇಳಿಬಿಡುತ್ತಾರೆ. ಅಂದರೆ ಸಾವಿರ ಮಿಲಿಮೀಟರ್ ನೀರಿನ ಕಾಲಂ. ಹೊಗೆಯನ್ನು ಚಿಮಣಿಗೆ ಎಳೆಯುವ ನಿಮ್ಮ ಐಡಿ ಫ್ಯಾನ್‌ನ ಶಕ್ತಿ ನಿಮಗೇ ಗೊತ್ತು. ಇನ್ನು, ಅವರು ತೋರಿಸಿದ ಅಂಕಿಗಳು ಸಿಲಿಂಡರ್‌ನಲ್ಲಿ ಬೆರೆಸಿದ ಒಣ ಅನಿಲದವೋ, ನಿಜವಾದ ಹೊಗೆಯವೋ? ಎಷ್ಟು ಗಂಟೆ ಓಡಿಸಿದ್ದು?

ಅವರು ಉತ್ಸಾಹ ತೋರಿದರೆ ಒಂದು ಸಣ್ಣ ಸ್ಕಿಡ್ ತರಲು ಹೇಳಿ. ಎಫ್‌ಜಿಡಿ ಆದಮೇಲಿನ ಡಕ್ಟ್‌ನಿಂದ ಒಂದು ಎಳೆ ಹೊಗೆ ಕೊಡಿ. ಕನಿಷ್ಠ ಆರು ತಿಂಗಳು ಓಡಲಿ. ಆ ಅವಧಿಯಲ್ಲಿ ಘಟಕ ಎರಡು ಸಲವಾದರೂ ನಿಂತು ಶುರುವಾಗಬೇಕು, ಕಲ್ಲಿದ್ದಲು ಬದಲಾಗಬೇಕು, ಎಫ್‌ಜಿಡಿ ಒಮ್ಮೆಯಾದರೂ ಮುನಿಸಿಕೊಳ್ಳಬೇಕು. ಎಲ್ಲ ನೆಟ್ಟಗಿದ್ದಾಗ ಯಾವ ಪೊರೆಯೂ ಚೆನ್ನಾಗಿಯೇ ಓಡುತ್ತದೆ. ಪೊರೆ ಬದಲಿಸುವ ಖರ್ಚು ಯಾರದ್ದು, ಎಷ್ಟು ವರ್ಷಕ್ಕೆ ಎನ್ನುವುದು ಬರವಣಿಗೆಯಲ್ಲಿ ಇರಲಿ. ಮತ್ತೆ, ಆ "ಮೂಲೆ"ಯ ಉದ್ದ ಅಗಲ ಕೇಳಿ. ವ್ಯಾಕ್ಯೂಮ್ ಪಂಪುಗಳ ಶೆಡ್ಡೂ ಸೇರಿಸಿ.